ಬೆಂಕಿ ಸುದ್ದಿಯಲ್ಲಿ ಒಂದು ಸಾಲು ಕಮ್ಮಿ ಇದೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಮನೆಗೆ ಬೆಂಕಿ ಬಿದ್ದ ಸುದ್ದಿ ಬಂದಾಗಲೆಲ್ಲ ನಾನು ಕೊನೆಯವರೆಗೂ ಓದುತ್ತೇನೆ. ಎಷ್ಟು ಹೊತ್ತಿಗೆ ಬಿತ್ತು, ಏನೇನು ಸುಟ್ಟಿತು, ಅಗ್ನಿಶಾಮಕ ದಳದವರು ಎಷ್ಟು ಹೊತ್ತು ನೀರು ಹಾಯಿಸಿದರು, ಎಲ್ಲ ಇರುತ್ತದೆ. ಕೊನೆಗೆ 'ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ' ಅಂತ ಮುಗಿಯುತ್ತದೆ. ನನಗೆ ಬೇಕಾದ ಸಾಲು ಮಾತ್ರ ಇರುವುದಿಲ್ಲ. ಆ ಮನೆಯಲ್ಲಿ ಹೊಗೆ ಬಂದರೆ ಕೂಗಿ ಎಚ್ಚರಿಸುವ ಸ್ಮೋಕ್ ಅಲಾರಂ ಇತ್ತಾ? ಇದ್ದರೆ ಬಡಿದುಕೊಂಡಿತಾ? ಬಡಿದುಕೊಳ್ಳಲಿಲ್ಲ ಅಂದರೆ ಯಾಕೆ?

ಈ ಹುಚ್ಚು ನನಗೆ ಸುಮ್ನೆ ಹಿಡಿದದ್ದಲ್ಲ. ನಮ್ಮ ಮನೆಯಲ್ಲಿ ಅಲಾರಂ ಇತ್ತು. ಬೆಂಕಿಯೂ ಬಿತ್ತು. ಅಲಾರಂ ಬಡಿದುಕೊಳ್ಳಲಿಲ್ಲ. ಅದಕ್ಕೆ ಕಾರಣ ನಾನೇ.

ನನಗೀಗ 66 ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 29 ವರ್ಷ ಆಪರೇಟರ್ ಆಗಿದ್ದವಳು. ಕಿವಿಯಿಂದಲೇ ಸಂಬಳ ತಂದವಳು ಅನ್ನಿ. ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತರೆ ಪಾಳಿ ಮುಗಿಯುವವರೆಗೂ ಬರೀ ಸದ್ದು. ರಿಂಗ್ ಹೋಗುವ ಸದ್ದು ಬೇರೆ, ಎಂಗೇಜ್ ಸದ್ದು ಬೇರೆ, ಲೈನ್ ಸತ್ತಾಗಿನ ಮೌನ ಬೇರೆ. ಒಂದೊಂದು ಸದ್ದಿಗೂ ಒಂದೊಂದು ಅರ್ಥ ಇರುತ್ತದೆ, ಗೊತ್ತಾಗದಿದ್ದರೆ ಕೇಳಿ ತಿಳಿದುಕೊಳ್ಳಿ, ಸಿಕ್ಕಿದ ವೈರ್ ಎಳೆದು ಹಾಕಬೇಡಿ ಅಂತ ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳಿಕೊಡುತ್ತಿದ್ದವಳೂ ನಾನೇ. ಅದೇ ನಾನು ಮನೆಯಲ್ಲಿ ಮಾಡಿದ್ದೇನು, ಕೇಳಿ.

ಮಗ ಒಮ್ಮೆ ಬಂದಿದ್ದಾಗ ಮಲಗುವ ಕೋಣೆಗೂ ಹಾಲ್‌ಗೂ ನಡುವಿನ ಪ್ಯಾಸೇಜಿನ ಸೂರಿಗೆ ಒಂದು ಅಲಾರಂ ಹಾಕಿ ಹೋಗಿದ್ದ. ಎರಡು ಪೆನ್ಸಿಲ್ ಸೆಲ್ ಮೇಲೆ ನಡೆಯುವಂಥದ್ದು. 'ಅಮ್ಮಾ, ತಿಂಗಳಿಗೊಮ್ಮೆ ಈ ಗುಂಡಿ ಒತ್ತಿ ನೋಡಬೇಕು' ಅಂದಿದ್ದ. ಹೂಂ ಅಂದಿದ್ದೆ. ಒಂದು ತಿಂಗಳೂ ಒತ್ತಲಿಲ್ಲ.

ಆಮೇಲೆ ಒಂದು ರಾತ್ರಿ ನಾಲ್ಕು ಗಂಟೆಯ ಹೊತ್ತಿಗೆ 'ಚಿಕ್' ಅಂತ ಸದ್ದು. ಎದ್ದು ಕೂತೆ. ಏನೂ ಇಲ್ಲ. ಮಲಗಿದೆ. ಮತ್ತೆ 'ಚಿಕ್'. ಜೀರುಂಡೆ ಅಂದುಕೊಂಡೆ. ನಮ್ಮ ಯಜಮಾನರು ನಲ್ಲಿ ತೊಟ್ಟಿಕ್ಕುತ್ತಿದೆ ಅಂದರು. ಇಬ್ಬರೂ ಎದ್ದು ಫ್ರಿಜ್, ಫೋನ್, ಕೈಗಡಿಯಾರ ಎಲ್ಲಕ್ಕೂ ಕಿವಿಯಿಟ್ಟು ನೋಡಿದೆವು. ಆ ಸದ್ದಿನ ತೊಂದರೆ ಏನೆಂದರೆ, ನಿಮಿಷಕ್ಕೊಮ್ಮೆ ಒಂದೇ ಸಲ ಬರುತ್ತದೆ. ಎಲ್ಲಿಂದ ಅಂತ ತಲೆ ತಿರುಗಿಸುವಷ್ಟರಲ್ಲಿ ಸುಮ್ಮನಾಗುತ್ತದೆ. ಮತ್ತೆ ಬರುವವರೆಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಸದ್ದಿನ ಮೇಲೇ ಬದುಕಿದ ನನಗೇ ಪತ್ತೆ ಹಚ್ಚಲು ಅರ್ಧ ಗಂಟೆ ಹಿಡಿಯಿತು. ಬೆಳಗಾದ ಮೇಲೆ ತಾನಾಗಿ ನಿಂತಿತು. ಸರಿ ಹೋಯಿತು ಅಂದುಕೊಂಡೆವು. ಮಾರನೇ ರಾತ್ರಿ ಮತ್ತೆ ಅದೇ ಹೊತ್ತಿಗೆ ಶುರು.

ಅದು ಯಾಕೆ ನಸುಕಿನಲ್ಲೇ ಕೂಗುತ್ತದೆ ಅಂತ ಆಮೇಲೆ ತಿಳಿಯಿತು. ಆ ಹೊತ್ತಿಗೆ ಮನೆ ತಣ್ಣಗಾಗಿರುತ್ತದೆ. ತಣ್ಣಗಾದರೆ ಸೆಲ್‌ನ ವೋಲ್ಟೇಜ್ ಒಂದಿಷ್ಟು ಇಳಿಯುತ್ತದೆ. ಮೊದಲೇ ಸೋತ ಸೆಲ್ ಆಗ ಇನ್ನೂ ಸೋಲುತ್ತದೆ, ಅಲಾರಂ 'ನನಗೆ ಹೊಸ ಸೆಲ್ ಹಾಕಿ' ಅನ್ನುತ್ತದೆ. ಬಿಸಿಲೇರಿ ಮನೆ ಬೆಚ್ಚಗಾದ ಮೇಲೆ ಸುಮ್ಮನಾಗುತ್ತದೆ. ಹಟ ಅಲ್ಲ, ಪಾಪ.

ಮೂರನೇ ರಾತ್ರಿ ತಾಳ್ಮೆ ಮುಗಿಯಿತು. ಕುರ್ಚಿ ಹತ್ತಿ ಅದನ್ನು ತಿರುಗಿಸಿ ಇಳಿಸಿ ಸೆಲ್ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ, ಹಾಲ್‌ನಲ್ಲಿ ವಾರದಿಂದ ನಿಂತುಹೋಗಿದ್ದ ಗೋಡೆ ಗಡಿಯಾರ ಓಡುತ್ತಿದೆ. ಯಜಮಾನರು ಅದಕ್ಕೆ ಆ ಸೆಲ್ ಹಾಕಿದ್ದರು. 'ಸೆಲ್ ಚೆನ್ನಾಗೇ ಇದೆ ಕಣೇ, ಆ ಡಬ್ಬಿನೇ ಸರಿ ಇಲ್ಲ' ಅಂದರು. ನಾನೂ ಒಪ್ಪಿದೆ. ಇಬ್ಬರೂ ತಪ್ಪು. ಗಡಿಯಾರಕ್ಕೆ ಬೇಕಾಗುವುದು ಒಂದು ಹನಿ ಕರೆಂಟು. ಅಲಾರಂ ಕಿರುಚಬೇಕಾದರೆ ಒಂದೇ ಸಲಕ್ಕೆ ಬೊಗಸೆಗಟ್ಟಲೆ ಬೇಕು. ಸೈರನ್ ಕೂಗಿಸುವಷ್ಟು ಶಕ್ತಿ ಇಲ್ಲದ ಸೆಲ್ ಗಡಿಯಾರವನ್ನು ತಿಂಗಳುಗಟ್ಟಲೆ ಓಡಿಸಬಲ್ಲದು.

ಇನ್ನೊಂದು ತಪ್ಪು ಹೇಳಲೇಬೇಕು. ಸೂರಿನಲ್ಲಿ ಬರೀ ಪ್ಲಾಸ್ಟಿಕ್ ತಟ್ಟೆ ಕಾಣುತ್ತದೆ, ಚೆನ್ನಾಗಿಲ್ಲ ಅಂತ ಖಾಲಿ ಅಲಾರಂ ಅನ್ನೇ ಮತ್ತೆ ಅಲ್ಲಿ ಸಿಕ್ಕಿಸಿದೆ. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಇಲ್ಲದಿದ್ದರೆ ಮುಚ್ಚಳವೇ ಕೂರುವುದಿಲ್ಲ. ನಮ್ಮದು ಕೂತಿತು. ಕೆಳಗಿಂದ ನೋಡಿದವರಿಗೆ ಮನೆಯಲ್ಲಿ ಅಲಾರಂ ಇದೆ. ಮಗ ವಿಡಿಯೋ ಕಾಲ್ ಮಾಡಿದಾಗ ಅವನಿಗೂ ಕಾಣಿಸುತ್ತಿತ್ತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಐದು ತಿಂಗಳು ಕಳೆಯಿತು. ಕಸ ಗುಡಿಸುವಾಗ ಸೋಫಾ ಜರುಗಿಸಿದ್ದೆ. ವಾಪಸ್ ತಳ್ಳುವಾಗ ಅದರ ಕಾಲು ಎಕ್ಸ್‌ಟೆನ್ಷನ್ ಬೋರ್ಡಿನ ವೈರ್ ಮೇಲೆ ಕೂತಿತು. ನೋಡಲಿಲ್ಲ. ಆಮೇಲೆ ದಿನಾ ಆ ಸೋಫಾ ಮೇಲೆ ಕೂತು ಎದ್ದು, ಕೂತು ಎದ್ದು, ಕಾಲಡಿಯ ವೈರ್‌ನ ಸಿಪ್ಪೆ ಜಜ್ಜಿಹೋಗಿದೆ. ಒಳಗಿನ ತಂತಿಯ ಎಳೆಗಳು ಒಂದೊಂದಾಗಿ ತುಂಡಾಗಿರಬೇಕು. ಉಳಿದ ನಾಲ್ಕು ಎಳೆಗಳ ಮೇಲೇ ಕರೆಂಟೆಲ್ಲ ಹರಿದರೆ ಕಾಯದೆ ಇರುತ್ತದಾ? ಅಲ್ಲಿಂದ ಸೋಫಾದ ಫೋಮಿಗೆ ಹತ್ತಿದೆ.

ಫೋಮು ಧಗ್ ಅಂತ ಉರಿಯಲಿಲ್ಲ. ಒಳಗೊಳಗೇ ಕೊರೆಯುತ್ತಾ ಹೊಗೆಯಾಡಿತು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ರಾತ್ರಿ ಯಜಮಾನರು ಬಚ್ಚಲಿಗೆ ಎದ್ದು ಹೋದಾಗ ಪ್ಯಾಸೇಜಿನ ಸಣ್ಣ ಬಲ್ಬಿನ ಸುತ್ತ ಒಂದು ಮಸುಕು ಬಳೆ ಕಂಡಿತಂತೆ. ಕಣ್ಣಿಗೆ ಪೊರೆ ಬಂತೇನೋ, ನಾಳೆ ಡಾಕ್ಟರ ಹತ್ತಿರ ಹೋಗಬೇಕು ಅಂದುಕೊಂಡು ಬಂದು ಮಲಗಿದರಂತೆ! ಕೋಣೆಯ ಬಾಗಿಲು ಹಾಕಿಕೊಂಡು ಮಲಗುವ ಅಭ್ಯಾಸ ನಮಗಿದೆ, ಅದೊಂದು ಪುಣ್ಯ. ಮುಚ್ಚಿದ ಬಾಗಿಲು ಹೊಗೆಯನ್ನೂ ಬಿಸಿಯನ್ನೂ ಸಾಕಷ್ಟು ಹೊತ್ತು ತಡೆಯುತ್ತದೆ. ಸ್ವಲ್ಪ ಹೊತ್ತಿಗೆ ಅವರಿಗೆ ಕೆಮ್ಮು ಬಂತು. ಆಗ ಅನುಮಾನ ಬಂದು ನನ್ನನ್ನು ಅಲುಗಾಡಿಸಿ ಎಬ್ಬಿಸಿದರು.

ನನ್ನ ಮೂಗಿಗೆ ಅಲ್ಲಿಯವರೆಗೆ ಏನೂ ಗೊತ್ತಾಗಿರಲಿಲ್ಲ. ಎದ್ದು ಕೂತ ಮರುಕ್ಷಣ ಗಂಟಲು ಸುಡುವಂಥ ಘಾಟು! 'ಹೊಗೆ ಬಂದರೆ ವಾಸನೆಗೆ ಎಚ್ಚರ ಆಗುತ್ತದೆ ಬಿಡಿ' ಅಂತ ಈಗಲೂ ಎಷ್ಟೋ ಜನ ನನಗೆ ಹೇಳುತ್ತಾರೆ. ಆಗುವುದಿಲ್ಲ. 2004ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಮಲಗಿದ್ದವರ ಮೂಗಿಗೆ ವಾಸನೆ ಹಿಡಿದು ನೋಡಿದ್ದರು. ಗಾಢ ನಿದ್ದೆಯಲ್ಲಿ ಎಷ್ಟೇ ಕೆಟ್ಟ ವಾಸನೆ ಬಂದರೂ ಎಚ್ಚರವಾಗುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ಕಂಡುಬಂತು. ಅದೇ ಜನ ಸದ್ದಿಗೆ ಎದ್ದರು. ನಾವು ಮಲಗಿದಾಗ ಮೂಗೂ ಮಲಗುತ್ತದೆ. ಕಿವಿ ಮಾತ್ರ ಅರ್ಧ ಕಣ್ಣು ತೆರೆದೇ ಇರುತ್ತದೆ. ಮೇಲಾಗಿ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಗಟ್ಟಿಯಾಗಿ ಕೂತುಬಿಡುತ್ತದೆ. ನಿದ್ದೆಯ ಮೇಲೆ ಇನ್ನಷ್ಟು ನಿದ್ದೆ ತರಿಸುತ್ತದೆ. ಮನೆ ಬೆಂಕಿಯಲ್ಲಿ ಜನ ಸಾಯುವುದು ಉರಿಗಿಂತ ಜಾಸ್ತಿ ಹೊಗೆಯಿಂದ.

ಹಾಲ್ ಕಡೆ ಹೋಗುವ ಹಾಗಿರಲಿಲ್ಲ. ಹಿಂಬಾಗಿಲಿಗೆ ಹೋದರೆ ಬೀಗ. ಬೀಗದ ಕೈ ಎಲ್ಲಿ? ಅಡುಗೆಮನೆಯ ಡ್ರಾಯರ್‌ನಲ್ಲಿ, ರಬ್ಬರ್ ಬ್ಯಾಂಡು, ಹಳೇ ಬಿಲ್ಲುಗಳ ಕೆಳಗೆ. ಕತ್ತಲಲ್ಲಿ ಕೆಮ್ಮುತ್ತಾ ಬಗ್ಗಿಕೊಂಡು ತಡಕಾಡಿದ್ದು ನೆನೆದರೆ ಈಗಲೂ ಕೈ ಬೆವರುತ್ತದೆ. ಬೆಂಕಿ ಒಮ್ಮೆ ಹಿಡಿದುಕೊಂಡ ಮೇಲೆ ಈಗಿನ ಮನೆಗಳಿಂದ ಹೊರಗೆ ಬರಲು ಸಿಗುವುದು ಎರಡೇ ನಿಮಿಷ, ಕೆಲವು ಸಲ ಅದೂ ಇಲ್ಲ. ಫೋಮು, ಪ್ಲಾಸ್ಟಿಕ್, ನೈಲಾನ್ ತುಂಬಿಕೊಂಡಿದ್ದೇವಲ್ಲ, ಹತ್ತಿ ಮತ್ತು ಮರದ ಕಾಲದಷ್ಟು ಪುರುಸೊತ್ತು ಈಗ ಇಲ್ಲ. ನಮ್ಮದು ಇನ್ನೂ ಉರಿಗೆ ತಿರುಗಿರಲಿಲ್ಲ, ಬದುಕಿಕೊಂಡೆವು. ಈಗ ಆ ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತದೆ.

ಅಗ್ನಿಶಾಮಕದವರು ಬಂದು, ಸೋಫಾ ಹೊರಗೆ ಎಳೆದು, ನೀರು ಹಾಕಿ, ಕಿಟಕಿ ಎಲ್ಲ ತೆಗೆದ ಮೇಲೆ ಅವರಲ್ಲಿ ಒಬ್ಬ ಹುಡುಗ ಪ್ಯಾಸೇಜಿನಿಂದ ಅಲಾರಂ ಬಿಚ್ಚಿಕೊಂಡು ಬಂದ. ಮಸಿ ಮೆತ್ತಿ ಕಪ್ಪಗಾಗಿತ್ತು. ಹಿಂದೆ ತಿರುಗಿಸಿ ಮುಚ್ಚಳ ತೆಗೆದ. 'ಅಮ್ಮಾ, ಇದರ ಸೆಲ್ ಎಲ್ಲಿ?' ಅಂದ. ನಾನು ಕೈ ತೋರಿಸಿದೆ. ಹಾಲ್‌ನ ಗೋಡೆ ಅರ್ಧದಿಂದ ಮೇಲೆ ಕಪ್ಪು. ಆ ಕಪ್ಪಿನ ನಡುವೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಗಾಜಿನ ಮೇಲಿನ ಮಸಿಯನ್ನು ಅವನೇ ಬೆರಳಿನಿಂದ ಒರೆಸಿ ನೋಡಿದ. ಮೂರು ಇಪ್ಪತ್ತು. ಸರಿಯಾದ ಟೈಮು. ಅವನು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನಾನು ಕೂತು ಓದಿದೆ, ತಿಳಿದವರನ್ನು ಕೇಳಿದೆ. ಅಮೆರಿಕದಲ್ಲಿ ಅಗ್ನಿ ಸುರಕ್ಷತೆಯ ನಿಯಮ ಬರೆಯುವ ಎನ್‌ಎಫ್‌ಪಿಎ ಅನ್ನುವ ಸಂಸ್ಥೆ ವರ್ಷಗಟ್ಟಲೆ ಲೆಕ್ಕ ಇಟ್ಟಿದೆ. ಅಲ್ಲಿ ಮನೆ ಬೆಂಕಿಯಲ್ಲಿ ಸತ್ತ ಐದು ಜನರಲ್ಲಿ ಸುಮಾರು ಮೂವರು ಸತ್ತಿದ್ದು ಅಲಾರಂ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳಲ್ಲಿ. ಇದ್ದೂ ಕೆಲಸ ಮಾಡದ್ದಕ್ಕೆ ಮೊದಲ ಕಾರಣ ಏನು ಗೊತ್ತಾ? ಬ್ಯಾಟರಿ ಕಿತ್ತಿರುವುದು, ಸಡಿಲ ಮಾಡಿರುವುದು ಅಥವಾ ಅದು ಸತ್ತಿರುವುದು. ನನ್ನಂಥವರು ಅಲ್ಲೂ ಬಹಳ ಜನ ಇದ್ದಾರೆ ಅಂತ ಓದಿ ಸಮಾಧಾನ ಆಗಲಿಲ್ಲ, ಹೆದರಿಕೆ ಆಯಿತು.

ಅಲಾರಂಗಳಲ್ಲೂ ಎರಡು ಜಾತಿ ಅಂತ ಆಗಲೇ ತಿಳಿದದ್ದು. ಒಂದು ಫೋಟೋಎಲೆಕ್ಟ್ರಿಕ್. ಒಳಗೆ ಪುಟ್ಟ ದೀಪ, ಅದರ ಬೆಳಕು ನೇರವಾಗಿ ಬೀಳದ ಹಾಗೆ ಓರೆಯಲ್ಲಿ ಒಂದು ಕಣ್ಣು. ಕಿಟಕಿ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಧೂಳು ಮಿನುಗುತ್ತದಲ್ಲ, ಹಾಗೆ ಹೊಗೆ ಒಳಗೆ ಬಂದರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ, ಕೂಗುತ್ತದೆ. ನಮ್ಮ ಸೋಫಾದ ಹಾಗೆ ಉರಿಯದೆ ಹೊಗೆಯಾಡುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಇನ್ನೊಂದು ಅಯೊನೈಸೇಷನ್. ಇದರಲ್ಲಿ ಅಮೆರಿಸಿಯಂ-241 ಅನ್ನುವ ವಿಕಿರಣ ವಸ್ತು ಧೂಳಿನ ಕಣಕ್ಕಿಂತ ಕಮ್ಮಿ ಇರುತ್ತದೆ. ಅದು ಎರಡು ತಗಡುಗಳ ನಡುವಿನ ಗಾಳಿಯಲ್ಲಿ ಸಣ್ಣ ಕರೆಂಟು ಹರಿಯುವಂತೆ ಮಾಡುತ್ತದೆ. ಹೊಗೆ ನುಗ್ಗಿದರೆ ಆ ಕರೆಂಟು ಇಳಿಯುತ್ತದೆ. ಧಗಧಗ ಉರಿಯುವ ಬೆಂಕಿಗೆ ಇದು ಚುರುಕು. ವಿಕಿರಣ ಅಂದ ಕೂಡಲೇ ಪಕ್ಕದ ಮನೆಯಾಕೆ ತಮ್ಮದನ್ನು ಎಸೆಯಲು ಹೊರಟಿದ್ದರು. ಬಿಚ್ಚಿ ಕೆದಕದಿದ್ದರೆ ಅದರಿಂದ ಏನೂ ಆಗುವುದಿಲ್ಲ ಅಂತ ಹೇಳಿ ತಡೆದೆ. ಎರಡೂ ಬಗೆ ಒಂದರಲ್ಲೇ ಇರುವುದೂ ಸಿಗುತ್ತದೆ.

ಈ ಅಯೊನೈಸೇಷನ್ ಬಗೆ ಹುಟ್ಟಿದ ಕಥೆ ಚೆನ್ನಾಗಿದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ವಿಷಾನಿಲ ಪತ್ತೆ ಹಚ್ಚುವ ಯಂತ್ರ ಮಾಡಲು ಹೊರಟಿದ್ದರಂತೆ. ವಿಷಾನಿಲಕ್ಕೆ ಯಂತ್ರ ಜಗ್ಗಲಿಲ್ಲ. ಬೇಜಾರಾಗಿ ಸಿಗರೇಟು ಹಚ್ಚಿದರು. ಮುಳ್ಳು ಅಲ್ಲಾಡಿತು!

ಈಗ ಸದ್ದಿನ ವಿಷಯ. ಇಲ್ಲಿ ಮಾತ್ರ ನಾನು ಸ್ವಲ್ಪ ಅಧಿಕಾರದಿಂದ ಮಾತಾಡುತ್ತೇನೆ. ಈಗಿನ ಅಲಾರಂಗಳಲ್ಲಿ ಮೂರು ಸಲ ಜೋರಾಗಿ ಕೂಗಿ, ಸ್ವಲ್ಪ ತಡೆದು, ಮತ್ತೆ ಮೂರು ಸಲ ಕೂಗಿದರೆ ಹೊಗೆ ಅಂತ. ಎದ್ದು ಹೊರಡಬೇಕು. ನಾಲ್ಕು ನಾಲ್ಕು ಸಲ ಕೂಗಿದರೆ ಕಾರ್ಬನ್ ಮೊನಾಕ್ಸೈಡ್, ಅದನ್ನು ಪತ್ತೆ ಹಚ್ಚುವ ಅಲಾರಂ ನಿಮ್ಮಲ್ಲಿದ್ದರೆ. ಆಗಲೂ ಹೊರಗೆ ಹೋಗಬೇಕು. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದೇ 'ಚಿಕ್' ಅಂದರೆ ಬ್ಯಾಟರಿ. ಹೊಸ ಬ್ಯಾಟರಿ ಹಾಕಿದ ಮೇಲೂ 'ಚಿಕ್' ನಿಲ್ಲದಿದ್ದರೆ ಆ ಅಲಾರಂಗೆ ವಯಸ್ಸಾಗಿರಬಹುದು. ಹಿಂಬದಿಯಲ್ಲಿ ತಯಾರಾದ ದಿನಾಂಕ ಇರುತ್ತದೆ. ಅಲ್ಲಿಂದ 10 ವರ್ಷ ಆಗಿದ್ದರೆ ಬದಲಾಯಿಸಬೇಕು, ಗುಂಡಿ ಒತ್ತಿದಾಗ ಕೂಗಿದರೂ ಸರಿ. ಹಾಗೆ ನೋಡಿದರೆ 10 ವರ್ಷ ಬರುವ ಲಿಥಿಯಂ ಬ್ಯಾಟರಿಯನ್ನು ಒಳಗೇ ಸೀಲ್ ಮಾಡಿರುವಂಥದ್ದೂ ಸಿಗುತ್ತದೆ. ನಮ್ಮ ಮನೆಗೆ ಈಗ ಅದನ್ನೇ ತಂದಿದ್ದೇವೆ. ನನ್ನ ಕೈಗೆ ಬ್ಯಾಟರಿ ಸಿಗುವುದೇ ಬೇಡ ಅಂತ.

ಹೊಸದು ಹಾಕಿದ ದಿನ ಇನ್ನೊಂದು ವಿಷಯ ಗೊತ್ತಾಯಿತು. ಯಜಮಾನರು ಪ್ಯಾಸೇಜಿನಲ್ಲಿ ಗುಂಡಿ ಒತ್ತಿದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ದಿಂಬಿಗೆ ಬಲಗಿವಿ ಒತ್ತಿ ಮಲಗಿದ್ದೆ. ಎಲ್ಲೋ ದೂರದಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿತು. ಮೂರು ಮೀಟರ್ ದೂರದಲ್ಲಿ 85 ಡೆಸಿಬಲ್ ಇರುವ ಸದ್ದು! ಕಿವಿ ಪರೀಕ್ಷೆ ಮಾಡಿಸಿದರೆ ಕೀರಲು ಸದ್ದುಗಳು ಎಡಗಿವಿಗೆ ಹೋಗಿಬಿಟ್ಟಿವೆ. 29 ವರ್ಷ ಹೆಡ್‌ಸೆಟ್ ಹಾಕಿದ ಕಿವಿ. ಮಾಮೂಲಿ ಅಲಾರಂ ಕೂಗುವುದು ಸುಮಾರು 3000 ಹರ್ಟ್ಸ್‌ನಲ್ಲಿ. ವಯಸ್ಸಾದಂತೆ ಮೊದಲು ಹೋಗುವುದು ಅಂಥ ಕೀರಲು ಸದ್ದನ್ನು ಕೇಳುವ ಶಕ್ತಿಯೇ. 520 ಹರ್ಟ್ಸ್‌ನಲ್ಲಿ ದಪ್ಪ ದನಿಯಲ್ಲಿ ಕೂಗುವ ಅಲಾರಂಗಳಿವೆ, ಅವು ಮಂದ ಕಿವಿಯವರನ್ನೂ ಗಾಢ ನಿದ್ದೆಯ ಮಕ್ಕಳನ್ನೂ ಇನ್ನೂ ಚೆನ್ನಾಗಿ ಎಬ್ಬಿಸುತ್ತವೆ. ಪೂರ್ತಿ ಕೇಳಿಸದವರಿಗೆ ಹಾಸಿಗೆ ಅಲುಗಾಡಿಸುವ, ದೀಪ ಮಿಣುಕಿಸುವ ಸಾಧನಗಳೂ ಇವೆ. ಹಾಗಾಗಿ ಗುಂಡಿ ಒತ್ತುವಾಗ ಅದರ ಕೆಳಗೆ ನಿಂತು ಒತ್ತಿ 'ಆಯ್ತು' ಅನ್ನಬೇಡಿ. ಒಬ್ಬರು ಒತ್ತಲಿ, ಇನ್ನೊಬ್ಬರು ರಾತ್ರಿ ಮಲಗುವ ಹಾಗೇ ಮಲಗಿ ಕೇಳಲಿ. ನಮ್ಮ ಕೋಣೆಯ ಒಳಗೂ ಈಗ ಒಂದು ಇದೆ. ಪ್ಯಾಸೇಜಿನದು ಕೂಗಿದರೆ ಇದೂ ಕೂಗುತ್ತದೆ, ಎರಡಕ್ಕೂ ವೈರ್ ಇಲ್ಲದೆ ನಂಟು.

ಬೆಂಕಿ ಬಿದ್ದ ಮನೆಯವಳು ಅಂತ ನೆಂಟರಿಷ್ಟರಲ್ಲಿ ನನಗೊಂದು ಪದವಿ ಸಿಕ್ಕಿದೆ. ಯಾರ ಮನೆಗೆ ಹೋದರೂ ಮೊದಲು ಸೂರು ನೋಡುತ್ತೇನೆ. ಒಬ್ಬರ ಮನೆಯಲ್ಲಿ ಪೇಂಟರ್ ಸೂರಿನ ಜೊತೆ ಅಲಾರಂಗೂ ಸುಣ್ಣ ಬಳಿದು ರಂಧ್ರವೆಲ್ಲ ಮುಚ್ಚಿದ್ದ. ಇನ್ನೊಬ್ಬರ ಮನೆಯಲ್ಲಿ ಧೂಳು ಕೂರದಿರಲಿ ಅಂತ ಹಾಕಿ ಕೊಟ್ಟಿದ್ದ ಪ್ಲಾಸ್ಟಿಕ್ ಟೋಪಿ ಹಾಗೇ ಇತ್ತು. ಮತ್ತೊಂದು ಕಡೆ ಅಲಾರಂ ಒಳಗೆ ಜೇಡ ಸಂಸಾರ ಹೂಡಿತ್ತು. ಹುಳು, ಧೂಳು ಹೊಕ್ಕರೆ ಹೊಗೆ ಇಲ್ಲದೆಯೂ ಕೂಗುತ್ತದೆ, ಆಗಾಗ ವ್ಯಾಕ್ಯೂಮ್‌ನಿಂದಲೋ ಬ್ರಷ್‌ನಿಂದಲೋ ಸ್ವಚ್ಛ ಮಾಡಬೇಕು. ನನ್ನ ನಾದಿನಿಯದು ಅಂತೂ ಡಬ್ಬಿ ಸಮೇತ ಬೀರುವಿನಲ್ಲಿತ್ತು. 'ಒಲೆ ಹಚ್ಚಿದರೆ ಸಾಕು ಬಡಿದುಕೊಳ್ಳುತ್ತೆ ಅತ್ತಿಗೆ, ತಲೆನೋವು' ಅಂದಳು. ಕೇಳಿದರೆ, ಮೊದಲು ಅದನ್ನು ಅಡುಗೆಮನೆಯ ಬಾಗಿಲ ನೆತ್ತಿಯಲ್ಲೇ ಹಾಕಿದ್ದರು. ಒಲೆಯಿಂದ 3 ಮೀಟರ್‌ನಷ್ಟಾದರೂ ದೂರ ಇರಬೇಕು, ಬಚ್ಚಲ ಹಬೆ ಬಡಿಯಬಾರದು, ಫ್ಯಾನಿನ ಗಾಳಿಯ ದಾರಿಯಲ್ಲೂ ಇರಬಾರದು. ಹೊಗೆ ಮೇಲಕ್ಕೆ ಏರುವುದರಿಂದ ಸೂರಿಗೇ ಹಾಕಬೇಕು, ಗೋಡೆಗೆ ಹಾಕಿದರೆ ಸೂರಿನಿಂದ 30 ಸೆಂಟಿಮೀಟರ್ ಒಳಗೆ. ಜಾಗ ಬದಲಾಯಿಸಿದ ಮೇಲೆ ಅವಳ ತಲೆನೋವು ಹೋಯಿತು.

ಈಗ ನನ್ನ ಕೋರಿಕೆಗೆ ಬರುತ್ತೇನೆ. 'ಶಾರ್ಟ್ ಸರ್ಕ್ಯೂಟ್' ಅಂತ ಓದಿದವರು ಏನು ಮಾಡುತ್ತಾರೆ? ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಾರೆ. ಅದು ವೈರ್‌ನ ಹಣೆಬರಹ, ನಮ್ಮದಲ್ಲ ಅನ್ನಿಸುತ್ತದೆ. ಅದೇ 'ಅಲಾರಂ ಇತ್ತು, ಬ್ಯಾಟರಿ ಇರಲಿಲ್ಲ' ಅಂತ ಓದಿದರೆ ಒಂದು ಸಲ ತಲೆ ಎತ್ತಿ ಸೂರು ನೋಡುತ್ತಾರೆ. ನಿಮ್ಮ ವರದಿಗಾರರು ಸ್ಥಳಕ್ಕೆ ಹೋದಾಗ ಅಗ್ನಿಶಾಮಕದವರನ್ನು ಇನ್ನೊಂದು ಪ್ರಶ್ನೆ ಕೇಳಿದರೆ ಆಯಿತು. ಅವರಿಗೆ ಗೊತ್ತಿರುತ್ತದೆ.

ನೊಂದವರ ಗಾಯಕ್ಕೆ ಉಪ್ಪು ಹಾಕಿದ ಹಾಗೆ ಆಗುವುದಿಲ್ಲವಾ ಅಂತ ನಮ್ಮ ಯಜಮಾನರು ಕೇಳಿದರು. ಸರಿಯಾದ ಮಾತೇ. ಮನೆಯವರ ಹೆಸರಿಗೆ ಅಂಟಿಸಿ ಬರೆಯಬೇಡಿ, ತಪ್ಪು ಯಾರದ್ದು ಅಂತ ಹುಡುಕಬೇಡಿ. ಅಂಥ ಮನೆಯಲ್ಲಿ ಸಾವಾಗಿದ್ದರೆ ಆ ದಿನವೇ ಬೇಡ, ತನಿಖೆ ಮುಗಿದ ಮೇಲೆ ಹಾಕಿ. ಆದರೆ ಹಾಕಿ. ನನ್ನನ್ನು ಯಾರಾದರೂ ಕೇಳಿದ್ದರೆ ನಾನಂತೂ ಹೇಳುತ್ತಿದ್ದೆ.

ಯಾರಿಗೂ ಏನೂ ಆಗದ ಕಾರಣ ನಮ್ಮ ಮನೆಯ ಬೆಂಕಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬಂದಿದ್ದರೆ ನಾನು ಹೇಳುತ್ತಿರುವ ಆ ಸಾಲು ಹೀಗಿರುತ್ತಿತ್ತು: 'ಮನೆಯಲ್ಲಿ ಸ್ಮೋಕ್ ಅಲಾರಂ ಇತ್ತು. ಅದರ ಸೆಲ್‌ಗಳು ಗೋಡೆ ಗಡಿಯಾರದಲ್ಲಿದ್ದವು.'

ಇಂತಿ,
ನಿಮ್ಮ ಓದುಗಿ,
ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್